ಎಸ್‌ಟಿಡಿ ಬಿಲ್ಲು ಯಾರ ತಲೆಗೆ? ನಮ್ಮ ಇಂಟರ್ನೆಟ್ ಗ್ರಾಹಕರಿಗೆ ಒಂದು ಪತ್ರ (ಮನೆಯ ಫೋನ್ ಲೈನಿನಿಂದ ಡಯಲ್ ಮಾಡಿ ಇಂಟರ್ನೆಟ್ ಸೇರುತ್ತಿದ್ದ ಕಾಲದ್ದು)

ಆತ್ಮೀಯರೇ,

ಮಾಟುಂಗದ ನಮ್ಮ ಅಂಗಡಿಯಿಂದ ನಮಸ್ಕಾರ.

ಹೋದ ತಿಂಗಳು ಡೊಂಬಿವಲಿಯಿಂದ ಒಬ್ಬರು ಫೋನ್ ಬಿಲ್ಲು ಹಿಡಿದುಕೊಂಡು ಬಂದರು. "ಊರಿಗೂ ಫೋನ್ ಮಾಡಿಲ್ಲ, ಇಷ್ಟು ಎಸ್‌ಟಿಡಿ ಎಲ್ಲಿಂದ ಬಂತು ಮಾರಾಯ್ರೆ?" ಅಂದರು. ಎಸ್‌ಟಿಡಿ ಅಂದರೆ ಬೇರೆ ಕೋಡಿನ ಊರಿಗೆ ಮಾಡುವ, ಹೆಚ್ಚು ದುಡ್ಡಿನ ಕರೆ. ಎಲ್ಲವೂ ರಾತ್ರಿ ಹತ್ತರ ಮೇಲಿನ ಕರೆಗಳು, ಎಲ್ಲವೂ ಒಂದೇ ಮುಂಬಯಿ ನಂಬರಿಗೆ. ನೋಡಿದ ಕೂಡಲೇ ನಮ್ಮ ಮುಖ ಸಪ್ಪಗಾಯಿತು. ಅದು ಇಂಟರ್ನೆಟ್ ಸೇರಲು ಕಂಪ್ಯೂಟರು ಡಯಲ್ ಮಾಡಲಿ ಅಂತ ನಾವೇ ಕೊಟ್ಟಿದ್ದ ನಂಬರು.

ಅವರು ಮೊದಲು ಮುಲುಂಡಿನಲ್ಲಿದ್ದರು. ಅಲ್ಲಿಯ ಕೋಡ್ 022. ಮನೆ ಬದಲಿಸಿ ಹೋದ ಡೊಂಬಿವಲಿಯ ಕೋಡ್ 0251. ನಮ್ಮ ಹುಡುಗ ಅಲ್ಲಿಗೆ ಹೋಗಿ ವಿಂಡೋಸ್‌ನಲ್ಲಿ ಊರಿನ ಕೋಡ್ ಬದಲಿಸಿದ, ಡಯಲ್ ಮಾಡುವ ನಂಬರು ಬದಲಿಸಲು ಮರೆತ. ಕಂಪ್ಯೂಟರು ಬುದ್ಧಿವಂತ ಅಲ್ವಾ, ಮುಂಬಯಿ ನಂಬರಿನ ಮುಂದೆ ತಾನೇ 022 ಸೇರಿಸಿಕೊಂಡಿತು! ಕರೆಯೆಲ್ಲ ಎಸ್‌ಟಿಡಿ ಆಯಿತು.

ಫೋನಿನವರು ಮೀಟರ್ ಸರಿಯಿದೆ ಅನ್ನುತ್ತಾರೆ. ನಮ್ಮ ಫಾರ್ಮಿನಲ್ಲೂ ಸಣ್ಣ ಅಕ್ಷರದಲ್ಲಿ "ಫೋನ್ ಬಿಲ್ಲಿಗೆ ನಾವು ಹೊಣೆಯಲ್ಲ" ಅಂತಿತ್ತು. ಆ ಸಾಲನ್ನು ತೆಗೆದಿದ್ದೇವೆ. ನಂಬರು ಹಾಕುವುದು ನಾವು, ದುಡ್ಡು ಕಟ್ಟುವುದು ನೀವು ಅಂದರೆ ಅದು ನ್ಯಾಯವಲ್ಲ. ಇನ್ನು ಮೇಲೆ ನಮ್ಮ ಸೆಟ್ಟಿಂಗಿನ ತಪ್ಪಿನಿಂದ ಬಂದ ಎಸ್‌ಟಿಡಿ ಹಣ ನಮ್ಮದು. ಬಿಲ್ಲು ಬಂದ ಕೂಡಲೇ ತನ್ನಿ, ಎರಡು ಮೂರು ತಿಂಗಳು ಸುಮ್ನೆ ಇಟ್ಟುಕೊಳ್ಳಬೇಡಿ. ಡೊಂಬಿವಲಿಯವರ ಹಣ ಆಗಲೇ ವಾಪಸ್ ಕೊಟ್ಟಾಗಿದೆ.

ಒಂದು ಮಾತ್ರ ನಮ್ಮ ಕೈಯಲ್ಲಿಲ್ಲ. ಪುಕ್ಕಟೆ ಚಿತ್ರ ತೋರಿಸುತ್ತೇವೆ ಅಂತ ಹೇಳಿ ಕಂಪ್ಯೂಟರಿಗೆ ಇಳಿದು, ತಾವೇ ಬೇರೆ ನಂಬರಿಗೆ ಫೋನ್ ಹಚ್ಚುವ ಡಯಲರ್ ಪ್ರೋಗ್ರಾಮುಗಳಿವೆ. ಅಮೆರಿಕದಲ್ಲಿ ಇಂಥದ್ದೊಂದು, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ಮಿನ ಸದ್ದಡಗಿಸಿ, ಲೋಕಲ್ ಲೈನ್ ಕಡಿದು, ಸದ್ದಿಲ್ಲದೆ ಮೊಲ್ಡೋವಾ ದೇಶಕ್ಕೆ ಫೋನ್ ಹಚ್ಚುತ್ತಿತ್ತು. 1997ರಲ್ಲಿ ಅದು ಕೋರ್ಟಿಗೂ ಹೋಯಿತು. ಅಂಥದ್ದನ್ನು ಮನೆಯಲ್ಲಿ ಯಾರಾದರೂ ಒತ್ತಿಬಿಟ್ಟರೆ ಆ ಬಿಲ್ಲು ನಾವು ಕಟ್ಟಲಾರೆವು. ಆದರೆ ಹುಡುಗನನ್ನು ಕಳಿಸಿ ಪ್ರೋಗ್ರಾಮ್ ತೆಗೆಸಿಕೊಡುತ್ತೇವೆ, ಅದಕ್ಕೆ ಚಾರ್ಜ್ ಇಲ್ಲ. ಫೋನಿಗೆ ಎಸ್‌ಟಿಡಿ, ಐಎಸ್‌ಡಿ (ಹೊರದೇಶದ ಕರೆ) ಲಾಕ್ ಹಾಕಿಸಿಕೊಂಡರೆ ಈ ತಲೆನೋವೇ ಇಲ್ಲ.

ಇನ್ನೊಂದು. ಮಗು ಎದ್ದುಬಿಡುತ್ತದೆ ಅಂತ ಎಷ್ಟೋ ಜನ ನಮ್ಮಿಂದ ಮೋಡೆಮ್ಮಿನ ಸದ್ದು ಬಂದ್ ಮಾಡಿಸಿದ್ದೀರಿ. ದಯವಿಟ್ಟು ಸ್ವಲ್ಪವಾದರೂ ಇರಲಿ. ಡಯಲ್ ಆಗುವಾಗ ಕಿವಿಗೊಡಿ. ಯಾವತ್ತಿಗಿಂತ ಮೂರು ಪೀಪೀ ಜಾಸ್ತಿ ಕೇಳಿಸಿತೋ, ಸೊನ್ನೆ ಎರಡು ಎರಡು ಸೇರಿಕೊಂಡಿದೆ ಅಂತ ಲೆಕ್ಕ. ಅಲ್ಲೇ ಕ್ಯಾನ್ಸಲ್ ಒತ್ತಿ, ನಮಗೆ ಫೋನ್ ಮಾಡಿ.

ಈಚೆಗೆ ಮನೆ ಬದಲಿಸಿದವರು ಅಂಗಡಿಗೆ ಹೊಸ ವಿಳಾಸ ತಿಳಿಸಿ. ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತೇವೆ.

ಇಂತಿ,
ನಿಮ್ಮ ಅಂಗಡಿಯವರು
ಮಾಟುಂಗ, ಮುಂಬಯಿ