ಗೀಸರ್ ಸುಡುವುದು ಉಪ್ಪಿನಿಂದಲ್ಲ, ಸುಣ್ಣದಿಂದ

ಮಾನ್ಯ ಸಂಪಾದಕರೆ,

ಬೆಂಗಳೂರಿನಲ್ಲಿ ಕಾವೇರಿ ನೀರಿಗೆ ಸಿಹಿ ನೀರು, ಬೋರ್‌ವೆಲ್ ನೀರಿಗೆ ಉಪ್ಪು ನೀರು ಎನ್ನುವುದು ರೂಢಿ. ಮಾತಿಗೆ ಅಡ್ಡಿಯಿಲ್ಲ, ಆದರೆ ಈ ಹೆಸರು ಒಂದು ತಪ್ಪು ತಿಳಿವಳಿಕೆಗೂ ದಾರಿ ಮಾಡಿದೆ. ಗೀಸರ್ ಕಾಯಿಲ್ ಹೋದರೆ, ಷವರ್ ತೂತು ಕಟ್ಟಿದರೆ, ಒಗೆದ ಟವೆಲ್ ರಟ್ಟಿನಂತಾದರೆ ಯಾರೋ ಒಬ್ಬರು ಬಂದು ಲೋಟಕ್ಕೆ ಮೀಟರ್ ಅದ್ದಿ ‘ಟಿಡಿಎಸ್ ನೋಡಿ’ ಎನ್ನುತ್ತಾರೆ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಪ್ರಮಾಣ. ಆ ಮೀಟರ್ ನೋಡುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂಬುದನ್ನಷ್ಟೇ. ಕರಗಿರುವುದು ಅಡುಗೆ ಉಪ್ಪೋ ಸುಣ್ಣವೋ ಅದಕ್ಕೆ ತಿಳಿಯದು. ಯಂತ್ರ ಕೆಡಿಸುವುದು ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ, ಅಂದರೆ ಗಡಸುತನ. ಅದನ್ನು ಬೇರೆಯಾಗಿಯೇ ಅಳೆಯಬೇಕು. ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ಹನಿ ಎಣಿಸುವ ಸಣ್ಣ ಕಿಟ್ ಸಾಕು.

ಕುಡಿಯುವ ನೀರಿನ ಮಾನಕ ಐಎಸ್ 10500 ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 600ರವರೆಗೆ ಒಪ್ಪಿಗೆ. ಇದು ಕುಡಿಯುವವರ ಲೆಕ್ಕ, ಗೀಸರಿನದಲ್ಲ. 500ರ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ 50 ಗ್ರಾಂ ಗಡಸು ಆ ಟ್ಯಾಂಕಿನಲ್ಲಿ ಹಾದುಹೋಗುತ್ತದೆ. ನೂರಕ್ಕೆ ಎರಡು ಪಾಲು ಅಲ್ಲೇ ಕೂತರೂ ವರ್ಷಕ್ಕೆ 365 ಗ್ರಾಂ. ನೀರು ಬಿಸಿಯಾದಷ್ಟೂ ಬೈಕಾರ್ಬೊನೇಟ್ ಒಡೆದು ಸುಣ್ಣದ ಹಕ್ಕಳೆಯಾಗುತ್ತದೆ, ಅದೂ ಎಲ್ಲಕ್ಕಿಂತ ಬಿಸಿಯಾದ ಎಲಿಮೆಂಟ್ (ಕಾಯಿಲ್) ಮೈಗೇ ಮೊದಲು ಅಂಟುತ್ತದೆ. ಆಮೇಲೆ ಶಾಖ ನೀರಿಗೆ ದಾಟದೆ ಎಲಿಮೆಂಟ್ ತನ್ನೊಳಗೇ ಕುದಿದು ಸೀಳುತ್ತದೆ. ಗೀಸರಿನೊಳಗೆ ಪಟಪಟ ಸದ್ದು ಕೇಳತೊಡಗಿದರೆ ಹಕ್ಕಳೆ ದಪ್ಪವಾಗಿದೆ ಎಂದೇ ತಿಳಿಯಬೇಕು.

ಖರ್ಚಿಲ್ಲದ ಉಪಾಯ ಥರ್ಮೋಸ್ಟಾಟ್ ತಿರುಗಿಸುವುದು. 75 ಡಿಗ್ರಿಗೆ ಕಾಯಿಸಿ, ಬಕೆಟ್ಟಿನಲ್ಲಿ ತಣ್ಣೀರು ಬೆರೆಸಿ ಮೀಯುವುದರಲ್ಲಿ ಅರ್ಥವಿಲ್ಲ, 50–55 ಸಾಕು. ಬೋರ್ ನೀರಿನ ಮನೆಯಲ್ಲಿ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಬೇಕು. ಕರೆಂಟಿನ ಕೆಲಸವಾದ್ದರಿಂದ ಮೆಕ್ಯಾನಿಕ್ಕೇ ಮಾಡಲಿ, ಆದರೆ ಪಕ್ಕದಲ್ಲಿ ನಿಂತು ನೋಡಿ. ಎಂಸಿಬಿ ಇಳಿಸಿ, ಒಳಬರುವ ನೀರು ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿದ ಮೇಲೆ ಎಲಿಮೆಂಟ್ ಹೊರತೆಗೆಯಬೇಕು. ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಕೊಳವೆ ಭಾಗವನ್ನಷ್ಟೇ ಒಂದೆರಡು ಗಂಟೆ ಮುಳುಗಿಸಿದರೆ ನೊರೆ ಎದ್ದು ಸುಣ್ಣ ಬಿಡುತ್ತದೆ. ವೈರ್ ಕೂರುವ ತುದಿ ನೆನೆಯಬಾರದು. ಸ್ಕ್ರೂಡ್ರೈವರಿನಲ್ಲಿ ಕೆತ್ತುವ ಅಭ್ಯಾಸ ಕೆಲವರಿಗಿದೆ, ಅದಕ್ಕೆ ಅವಕಾಶ ಕೊಡಬೇಡಿ. ಟ್ಯಾಂಕಿನ ಒಳಲೇಪಕ್ಕೆ ಪೆಟ್ಟಾದರೆ ತುಕ್ಕು ಅಲ್ಲಿಂದಲೇ ಶುರು. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ರಾಡ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ, ಗ್ಯಾಸ್ಕೆಟ್ ಹೊಸದು ಹಾಕಿಸಿ. ಬಿಸಿನೀರಿನ ನಲ್ಲಿಯಲ್ಲಿ ನೀರು ಒಂದೇ ಸಮ ಬರುವವರೆಗೆ ಸ್ವಿಚ್ ಮುಟ್ಟಬಾರದು. ಖಾಲಿ ಟ್ಯಾಂಕಿನಲ್ಲಿ ಹೊಸ ಎಲಿಮೆಂಟ್ ಕೂಡ ನಿಮಿಷಗಳಲ್ಲಿ ಸುಡುತ್ತದೆ.

ವಾಷಿಂಗ್ ಮೆಷಿನ್ನಿಗೆ ಇಷ್ಟು ಪಾಡಿಲ್ಲ. ಹಿಂದಿನ ಪೈಪ್ ಬಿಚ್ಚಿ ಜಾಲರಿ ತೊಳೆಯುವುದು, ಮೂರು ತಿಂಗಳಿಗೊಮ್ಮೆ ಖಾಲಿ ಡ್ರಮ್ಮಿಗೆ 100 ಗ್ರಾಂ ನಿಂಬೆ ಉಪ್ಪು ಹಾಕಿ 60 ಡಿಗ್ರಿಯಲ್ಲಿ ಓಡಿಸುವುದು, ಅಷ್ಟೇ. ಅದರ ಜೊತೆ ಬ್ಲೀಚ್ ಮಾತ್ರ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಇನ್ನು ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್. ಹಾಕಿಸಿದ ಮೇಲೂ ಟಿಡಿಎಸ್ ಇಳಿಯಲಿಲ್ಲ, ಮೋಸ ಹೋದೆವು ಎನ್ನುವವರಿದ್ದಾರೆ. ಅದು ಇಳಿಯಬೇಕಾದ್ದೇ ಅಲ್ಲ. ಒಳಗಿನ ರೆಸಿನ್ (ಸಣ್ಣ ಮಣಿಗಳ ರಾಶಿ) ಸುಣ್ಣ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಹಾಗಾಗಿ ಆ ನೀರು ಗಿಡಗಳಿಗೆ ಬೇಡ, ಬಿ.ಪಿ. ಇದ್ದವರು ಕುಡಿಯಲೂ ಬೇಡ. ಲೆಕ್ಕ ಸುಲಭ: ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸು ಹಿಡಿಯುತ್ತದೆ. 25 ಲೀಟರ್ ರೆಸಿನ್ನಿಗೆ 500ರ ನೀರಾದರೆ 2,500 ಲೀಟರ್. ದಿನಕ್ಕೆ 600 ಲೀಟರ್ ಬಳಸುವ ಮನೆಗೆ ನಾಲ್ಕೇ ದಿನ. ಆಮೇಲೆ ರೆಸಿನ್ ಮತ್ತೆ ಸುಣ್ಣ ಹಿಡಿಯುವಂತಾಗಲು ಮೂರೂವರೆ ಕೆಜಿ ಕಲ್ಲುಪ್ಪನ್ನು 35 ಲೀಟರ್ ನೀರಿನಲ್ಲಿ ಕರಗಿಸಿ ಅರ್ಧ ಗಂಟೆ ನಿಧಾನ ಹಾಯಿಸಿ, ಉಪ್ಪಿನ ರುಚಿ ಹೋಗುವವರೆಗೆ ತೊಳೆಯಬೇಕು. ‘ತಿಂಗಳಿಗೊಮ್ಮೆ ಉಪ್ಪು ಹಾಕಿದರೆ ಸಾಕು’ ಎಂದು ಮಾರುವವರ ಮುಂದೆ ಈ ಗುಣಾಕಾರ ಮಾಡಿ ತೋರಿಸಿ. ಪೈಪಿಗೆ ಕಟ್ಟುವ ಅಯಸ್ಕಾಂತವಂತೂ ನೀರಿನಿಂದ ಒಂದು ಮಿಲಿಗ್ರಾಂ ಸುಣ್ಣವನ್ನೂ ತೆಗೆಯುವುದಿಲ್ಲ.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಗಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಭಾಗಕ್ಕೂ ಕೊಳವೆ ಬಂದಿದೆ. ಆದರೆ ಕಾವೇರಿ, ಬೋರ್, ಟ್ಯಾಂಕರ್ ಮೂರನ್ನೂ ಒಂದೇ ಸಂಪಿಗೆ ಬಿಟ್ಟರೆ ಮೆದು ನೀರು ಬಂದೂ ಬಾರದಂತೆ. ಎರಡು ಓವರ್‌ಹೆಡ್ ಟ್ಯಾಂಕ್ ಇರುವ ಕಟ್ಟಡದಲ್ಲಿ ಅಡುಗೆಮನೆ, ಗೀಸರ್, ವಾಷಿಂಗ್ ಮೆಷಿನ್ ಲೈನಿಗೆ ಕಾವೇರಿ, ಫ್ಲಷ್ಷಿಗೆ ಬೋರ್ ಎಂದು ವಾಲ್ವ್ ಬದಲಿಸುವುದು ಪ್ಲಂಬರಿಗೆ ಹೆಚ್ಚಿನ ಕೆಲಸವಲ್ಲ. ಅಪಾರ್ಟ್‌ಮೆಂಟ್ ಸಂಘಗಳು ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ನೀರು ಪರೀಕ್ಷೆ ಮಾಡಿಸಿ, ಟಿಡಿಎಸ್ ಪಕ್ಕದಲ್ಲಿ ಗಡಸುತನದ ಅಂಕಿಯನ್ನೂ ನೋಟಿಸ್ ಬೋರ್ಡಿಗೆ ಹಾಕಲಿ. ಟ್ಯಾಂಕರಿನವರ ಬಿಲ್ಲಿನಲ್ಲೂ ಆ ಅಂಕಿ ಇರುವಂತೆ ಪಾಲಿಕೆ ಮತ್ತು ಜಲಮಂಡಳಿ ನಿಯಮ ಮಾಡಲಿ.

– ನಿಮ್ಮ ಓದುಗ, ಮಹದೇವಪುರ, ಬೆಂಗಳೂರು