‘ನಾವು ಹಳ್ಳಿಯವರೇ ಅಲ್ವಾ ಸಾರ್?’: ಸಕಲೇಶಪುರ ಕ್ಷೇತ್ರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಸಕಲೇಶಪುರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಪ್ರಿಂಟರ್. ಹನ್ನೊಂದು ವರ್ಷದಿಂದ ಮಕ್ಕಳ ಅರ್ಜಿ ತುಂಬಿಕೊಡುತ್ತಾ ಬಂದಿದ್ದೇನೆ. ಸಿಇಟಿ, ಡಿಗ್ರಿ ಅಡ್ಮಿಶನ್, ಹಾಸ್ಟೆಲ್, ಸ್ಕಾಲರ್‌ಶಿಪ್, ಎಲ್ಲಾ ಈ ಟೇಬಲ್ ಮೇಲೆಯೇ ಆಗುತ್ತದೆ. ಇಲ್ಲಿ ಕೂತು ಕಂಡದ್ದನ್ನು ತಮಗೆ ಹೇಳಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಒಂದು ಫೆಬ್ರವರಿಯಲ್ಲಿ ಹೆತ್ತೂರು ಕಡೆಯಿಂದ ಒಬ್ಬ ತಾಯಿ, ಮಗಳು ಬಂದರು. ತೋಟದ ಲೈನ್ ಮನೆಯಲ್ಲಿ ಇರುವವರು. ಕೆಜಿ ಲೆಕ್ಕದಲ್ಲಿ ಕಾಫಿ ಹಣ್ಣು ಕೊಯ್ಯುವ ಕಾಲ ಅದು. ಒಂದು ದಿನ ತಪ್ಪಿಸಿದರೆ ಆ ದಿನದ ದುಡ್ಡು ಹೋಯಿತು. ಆದರೂ ಬಂದಿದ್ದರು. ಮಗಳು ಸೆಕೆಂಡ್ ಪಿಯು ಸೈನ್ಸ್, ಸಿಇಟಿ ಅರ್ಜಿ ಹಾಕಬೇಕಿತ್ತು. ‘ಗ್ರಾಮೀಣ ಮೀಸಲಾತಿ ಬೇಕೇ?’ ಅನ್ನುವ ಕಾಲಂ ಬಂತು. ಹುಡುಗಿ ‘ಹೌದು ಹಾಕಿ ಸಾರ್’ ಅಂದಳು. ಎಲ್ಲೆಲ್ಲಿ ಓದಿದ್ದೀಯಮ್ಮ ಅಂತ ಕೇಳಿದೆ. ಏಳನೇ ಕ್ಲಾಸಿನವರೆಗೆ ಊರಿನ ಶಾಲೆ. ಎಂಟರಿಂದ ಹತ್ತು ಸಕಲೇಶಪುರ ಪೇಟೆಯ ಹೈಸ್ಕೂಲು, ಹಾಸ್ಟೆಲ್‌ನಲ್ಲಿ ಇದ್ದುಕೊಂಡು.

ಆ ಕಾಲಂಗೆ ‘ಇಲ್ಲ’ ಅಂತಲೇ ಹಾಕಬೇಕಾಯಿತು. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಮ್ಮ ಪೇಟೆ ಪುರಸಭೆಗೆ ಸೇರಿದ್ದು. ಮೂರು ವರ್ಷ ಇಲ್ಲಿ ಓದಿದ್ದಕ್ಕೆ ಶೇ 15ರ ಆ ಮೀಸಲಾತಿ ಕೈಬಿಟ್ಟುಹೋಗಿತ್ತು. ತಾಯಿ ನನ್ನ ಮುಖ ನೋಡಿ ಕೇಳಿದರು: ‘ನಾವು ಹಳ್ಳಿಯವರೇ ಅಲ್ವಾ ಸಾರ್?’

ಆ ಪ್ರಶ್ನೆ ಇವತ್ತಿಗೂ ನನ್ನ ಕಿವಿಯಲ್ಲಿದೆ. ಆಕೆ ಮಗಳನ್ನು ಪೇಟೆಗೆ ಸೇರಿಸಿದ್ದು ಒಳ್ಳೆಯದಾಗಲಿ ಅಂತಲೇ. ಹೀಗೊಂದು ನಿಯಮ ಇದೆ, ಯೋಚನೆ ಮಾಡಿ ನಿರ್ಧರಿಸಿ ಅಂತ ಏಳನೇ ಕ್ಲಾಸು ಮುಗಿದಾಗ ಹೇಳುವವರು ಯಾರೂ ಇರಲಿಲ್ಲ. ಗೊತ್ತಿದ್ದೂ ಪೇಟೆಯನ್ನೇ ಆರಿಸಿಕೊಂಡಿದ್ದರೆ ಅದು ಬೇರೆ ಮಾತು.

ಹುಡುಗಿ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದಳು. ಅದಕ್ಕೆ ಬೇರೆಯೇ ಶೇ 5ರ ಮೀಸಲಾತಿ ಇದೆ. ಅದೂ ಅವಳಿಗೆ ಗೊತ್ತಿರಲಿಲ್ಲ. ಎರಡೂ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಬರೆಸಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಮಾಡಿಸಿಕೊಂಡು ಬಾ ಅಂತ ಚೀಟಿ ಬರೆದು ಕೊಟ್ಟೆ. ಇನ್ನೂ ಎರಡು ದಿನದ ಕೂಲಿ ಹೋಯಿತು ಅವರಿಗೆ.

ಶಾಸಕರೇ, ನಮ್ಮ ಮಕ್ಕಳು ಓದಿನಲ್ಲಿ ಹಿಂದಿಲ್ಲ. 2019ರ ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಮಾರ್ಕ್ಸ್ ಬಂದ ಮೇಲೆ ಕಾಲೇಜಿನ ಬಾಗಿಲು ತಲುಪುವವರೆಗೆ ಒಂದು ದಾರಿ ಇದೆಯಲ್ಲ, ಅಲ್ಲಿ ಮಕ್ಕಳ ಕೈ ಹಿಡಿಯುವವರಿಲ್ಲ. ಮೇಷ್ಟ್ರುಗಳನ್ನು ದೂರುತ್ತಿಲ್ಲ. ಅವರಿಗೆ ಪಾಠದ ಜೊತೆ ನೂರೆಂಟು ಕೆಲಸ. ಇದು ಯಾರ ಕೆಲಸವೂ ಅಲ್ಲ ಅಂತ ಆಗಿರುವುದೇ ತೊಂದರೆ.

ದುಡ್ಡಿನ ವಿಷಯಕ್ಕೆ ಬಂದರೂ ಅಷ್ಟೇ. ದುಡ್ಡಿಲ್ಲ ಅಂತ ಓದು ಬಿಟ್ಟವರಲ್ಲಿ ಎಷ್ಟೋ ಮಕ್ಕಳಿಗೆ ಸಿಗುವ ಸಹಾಯ ಇತ್ತು. ಕುಟುಂಬದ ವರಮಾನ 8 ಲಕ್ಷದೊಳಗೆ ಇದ್ದರೆ ಇಂಜಿನಿಯರಿಂಗ್‌ಗೆ ಎಸ್ಎನ್‌ಕ್ಯೂ ಅಂತ ಶೇ 5ರಷ್ಟು ಹೆಚ್ಚುವರಿ ಸೀಟು ಇವೆ, ಬೋಧನಾ ಶುಲ್ಕ ಮಾಫಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ ಶೇ 2ರ ಬಡ್ಡಿಗೆ ಅರಿವು ಸಾಲ ಇದೆ. ಹತ್ತನೇ ಕ್ಲಾಸು, ಹನ್ನೆರಡನೇ ಕ್ಲಾಸು ಎರಡನ್ನೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಪಾಸಾದ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೋರ್ಸ್ ಮುಗಿಯುವವರೆಗೆ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಇಲ್ಲೂ ಅದೇ ಪಾಠ ನೋಡಿ. ಹತ್ತನೇ ಕ್ಲಾಸು ಮುಗಿದ ಮಗಳನ್ನು ಸಾಲ ಮಾಡಿ ಖಾಸಗಿ ಪಿಯುಗೆ ಸೇರಿಸುವ ಅಪ್ಪನಿಗೆ ಈ ಮಾತು ಆ ಮೇ ತಿಂಗಳಲ್ಲೇ ಗೊತ್ತಾಗಬೇಕು. ಎರಡು ವರ್ಷ ಆದ ಮೇಲೆ ನನ್ನ ಅಂಗಡಿಯಲ್ಲಿ ಗೊತ್ತಾದರೆ ಏನು ಬಂತು?

ಬ್ಯಾಂಕ್ ಸಾಲದ್ದು ಇನ್ನೊಂದು ಕಥೆ. ನನ್ನ ಅಕ್ಕನ ಮಗನನ್ನು ಕರೆದುಕೊಂಡು ಒಂದು ಬ್ಯಾಂಕಿಗೆ ಹೋಗಿದ್ದೆ. ‘ಜಮೀನಿನ ಪತ್ರ ಇದೆಯಾ?’ ಅನ್ನುವುದೇ ಮೊದಲ ಪ್ರಶ್ನೆ. ಕೇಂದ್ರದ ಸಾಲ ಖಾತ್ರಿ ಯೋಜನೆಯಡಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನವೂ ಬೇಡ, ಬೇರೆಯವರ ಜಾಮೀನೂ ಬೇಡ. ನನಗೆ ಗೊತ್ತಿತ್ತು, ಅಲ್ಲೇ ಕೂತು ಕೇಳಿದೆ. ಗೊತ್ತಿಲ್ಲದವರು ಸುಮ್ನೆ ಎದ್ದು ಬರುತ್ತಾರೆ.

ಇನ್ನು ಸ್ಕಾಲರ್‌ಶಿಪ್. ಎಸ್ಎಸ್‌ಪಿ ಪೋರ್ಟಲ್‌ನ ಕೊನೆಯ ದಿನಗಳಲ್ಲಿ ನನ್ನ ಅಂಗಡಿಗೆ ತಾವೊಮ್ಮೆ ಬರಬೇಕು. ಅಪ್ಪನ ಹಳೇ ಸಿಮ್‌ಗೆ ಆಧಾರ್ ಲಿಂಕ್ ಆಗಿರುತ್ತದೆ. ಆ ಸಿಮ್ ಕಳೆದು ಮೂರು ವರ್ಷ ಆಗಿರುತ್ತದೆ. ಓಟಿಪಿ ಎಲ್ಲಿಗೆ ಹೋಗಬೇಕು? ಒಬ್ಬ ಹುಡುಗನ ಆಧಾರ್‌ನಲ್ಲಿ ಹೆಸರಿನ ಇನಿಶಿಯಲ್ ಹಿಂದೆ, ಮಾರ್ಕ್ಸ್ ಕಾರ್ಡಿನಲ್ಲಿ ಮುಂದೆ. ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಇನ್ನೊಬ್ಬನದು ಅರ್ಜಿ ಮಂಜೂರಾಗಿದೆ, ಆದರೆ ಖಾತೆಗೆ ಆಧಾರ್ ಸೀಡಿಂಗ್ ಆಗಿಲ್ಲ, ಹಾಗಾಗಿ ದುಡ್ಡು ಬಂದಿಲ್ಲ. ಪಾಸ್‌ಬುಕ್‌ಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. ಅದೇ ಬೇರೆ, ಸರ್ಕಾರದ ದುಡ್ಡು ಯಾವ ಖಾತೆಗೆ ಬರಬೇಕು ಅಂತ ಆಧಾರ್ ನಂಬರಿಗೆ ಜೋಡಿಸುವ ಎನ್‌ಪಿಸಿಐ ಮ್ಯಾಪಿಂಗ್ ಅನ್ನುವುದೇ ಬೇರೆ ಅಂತ ಅವರಿಗೆ ಹೇಳಿದವರ್ಯಾರು? ಇವೆಲ್ಲ ಒಂಬತ್ತನೇ ಕ್ಲಾಸಿನಲ್ಲೇ ನಿಧಾನವಾಗಿ ಸರಿಮಾಡಿಸಬಹುದಾದ ಸಣ್ಣ ಕೆಲಸಗಳು. ಕೊನೆಯ ದಿನಕ್ಕೆ ಬಂದಾಗ ಬೆಟ್ಟದಷ್ಟಾಗುತ್ತವೆ.

ಆಪ್ಶನ್ ಎಂಟ್ರಿ ದಿನ ನನಗೆ ಜಾಸ್ತಿ ಸಂಕಟ ಆಗುತ್ತದೆ. ಬೇಕಾದ ಕಾಲೇಜುಗಳನ್ನು ಆದ್ಯತೆ ಪ್ರಕಾರ ಜೋಡಿಸಬೇಕು. ಸೀಟು ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್‌ಗಳಲ್ಲಿ ಒಂದನ್ನು ಒತ್ತಬೇಕು. ಮೊದಲನೆಯದು ಒತ್ತಿದರೆ ಆ ಸೀಟಿಗೆ ಒಪ್ಪಿ ಸೇರಿದಂತೆ, ನಾಲ್ಕನೆಯದು ಒತ್ತಿದರೆ ಆಟದಿಂದಲೇ ಹೊರಗೆ. ಹದಿನೇಳು ವರ್ಷದ ಮಗು ಜೆರಾಕ್ಸ್ ಅಂಗಡಿಯವನನ್ನು ‘ಯಾವುದು ಒತ್ತಲಿ ಅಣ್ಣ?’ ಅಂತ ಕೇಳುತ್ತದೆ. ಅಷ್ಟು ದೊಡ್ಡ ತೀರ್ಮಾನಕ್ಕೆ ಮಾತು ಹೇಳಲು ನಾನು ಯಾರು? ನನ್ನ ಹಿಂದೆ ಹದಿನೈದು ಜನ ಕಾಯುತ್ತಿರುತ್ತಾರೆ.

ಪಕ್ಕದಲ್ಲೇ ಇರುವ ಕಾಲೇಜುಗಳೂ ಮಕ್ಕಳಿಗೆ ಗೊತ್ತಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕಾರೆಕೆರೆಯಲ್ಲಿ ಕೃಷಿ ಕಾಲೇಜು, ಆಚೆ ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು. ಕಾಫಿ, ಮೆಣಸಿನ ನಡುವೆಯೇ ಹುಟ್ಟಿ ಬೆಳೆದ ಮಕ್ಕಳು ಮೂಡಿಗೆರೆಯ ಹೆಸರನ್ನು ಪಟ್ಟಿಯಲ್ಲಿ ಸೇರಿಸುವುದೇ ಇಲ್ಲ. ಒಂದು ದಿನ ಬಸ್ ಮಾಡಿ ಕರೆದುಕೊಂಡು ಹೋಗಿ ತೋರಿಸಿದ್ದರೆ ಸಾಕಿತ್ತು.

ಈಗ ನನ್ನ ಕೋರಿಕೆ. ಸರ್ಕಾರಿ ಪಿಯು ಕಾಲೇಜುಗಳ ಅಭಿವೃದ್ಧಿ ಸಮಿತಿಗೆ ತಾವೇ ಅಧ್ಯಕ್ಷರು. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ತಾಲ್ಲೂಕು ಕೆಡಿಪಿ ಸಭೆಯೂ ತಮ್ಮ ಅಧ್ಯಕ್ಷತೆಯಲ್ಲೇ ನಡೆಯುತ್ತದೆ. ಹಾಗಾಗಿ ಹೊಸ ಯೋಜನೆ ಬರುವವರೆಗೆ ಕಾಯಬೇಕಿಲ್ಲ. ಪ್ರತಿ ಸರ್ಕಾರಿ ಹೈಸ್ಕೂಲು, ಪಿಯು ಕಾಲೇಜಿನಲ್ಲಿ ಒಬ್ಬ ಮೇಷ್ಟ್ರಿಗೆ ಈ ಕೆಲಸ ವಹಿಸಿ, ವಾರಕ್ಕೆ ನಾಲ್ಕು ಪೀರಿಯಡ್ ಪಾಠದ ಹೊರೆ ಇಳಿಸಿ. ಸುಮ್ನೆ ಆದೇಶ ಹೊರಡಿಸಿದರೆ ಅದು ಕಡತದಲ್ಲೇ ಉಳಿಯುತ್ತದೆ. ಅವರಿಗೆ ತರಬೇತಿ ಕೊಡಿಸಿ. ಏಳನೇ ಕ್ಲಾಸು, ಹತ್ತನೇ ಕ್ಲಾಸು ಮುಗಿಯುವ ಮುಂಚೆ ಅಪ್ಪ ಅಮ್ಮಂದಿರನ್ನು ಒಂದೊಂದು ಸಲ ಕರೆಸಿ, ಮುಂದಿನ ದಾರಿ ಏನು, ಎಲ್ಲಿ ಏನು ಕೈತಪ್ಪುತ್ತದೆ ಅಂತ ಕೂರಿಸಿಕೊಂಡು ಹೇಳಲಿ.

ಜೊತೆಗೆ ಪ್ರತಿ ಹೋಬಳಿಯಲ್ಲಿ ವರ್ಷಕ್ಕೊಂದು ದಾಖಲೆ ದಿನ ಆಗಲಿ. ನಾಡಕಚೇರಿಯವರು, ಆಧಾರ್‌ನವರು, ಬ್ಯಾಂಕಿನವರು, ಬಿಇಒ ಕಚೇರಿಯವರು ಒಂದೇ ಶಾಲೆಯಲ್ಲಿ ಒಂದೇ ದಿನ ಕೂರಲಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ, ಮೊಬೈಲ್ ನಂಬರ್ ಬದಲಾವಣೆ, ಖಾತೆ ಸೀಡಿಂಗ್, ವ್ಯಾಸಂಗ ಪತ್ರ, ಎಲ್ಲಾ ಅಲ್ಲೇ ಆಗಲಿ. ಅದು ಭಾನುವಾರ ಆಗಲಿ, ಕಾಫಿ ಕೊಯ್ಲು ಶುರುವಾಗುವ ಮುಂಚೆ ಆಗಲಿ. ಆಗ ಯಾರ ಕೂಲಿಯೂ ಹೋಗುವುದಿಲ್ಲ.

ಮೊದಲನೆಯದನ್ನು ಹೆತ್ತೂರಿನಲ್ಲೇ ಇಡಿ ಅಂತ ಕೇಳಿಕೊಳ್ಳುತ್ತೇನೆ. ದಿನಾಂಕ ಹೇಳಿದರೆ ಸಾಕು, ಆವತ್ತು ಅಂಗಡಿ ಮುಚ್ಚಿ ನನ್ನ ಸ್ಕ್ಯಾನರ್, ಪ್ರಿಂಟರ್ ತೆಗೆದುಕೊಂಡು ಬರುತ್ತೇನೆ. ಒಂದು ಪೈಸೆ ಬೇಡ. ಆ ಕಡೆ ಕರೆಂಟು ಹೋಗುವುದು ಜಾಸ್ತಿ. ಒಂದು ಜನರೇಟರ್ ವ್ಯವಸ್ಥೆ ಮಾತ್ರ ಮಾಡಿಸಿಕೊಡಿ.

ತಮ್ಮ ವಿಶ್ವಾಸಿ,
ಜೆರಾಕ್ಸ್ ಅಂಗಡಿಯವನು, ಸಕಲೇಶಪುರ