ಡ್ರೈ ಫ್ಲೈಗೆ ಯಾವ ರಾಡ್: ಗೆಳೆಯನಿಗೊಂದು ಪತ್ರ

ಚಿಕ್ಕಮಗಳೂರು

ಪ್ರಿಯ ಗೆಳೆಯ,

ಮಳೆ ಬಿಟ್ಟ ಮೇಲೆ, ಅರೇಬಿಕಾ ಕೊಯ್ಲು ಶುರುವಾಗುವ ಮುನ್ನ, ಅಕ್ಟೋಬರಿನಲ್ಲಿ ಹಿಮಾಚಲದ ತೀರ್ಥನ್ ಹೊಳೆಗೆ ಹೋಗುವುದಾಗಿಯೂ, ಡ್ರೈ ಫ್ಲೈಯಲ್ಲಿ, ಅಂದರೆ ನೀರಿನ ಮೇಲೆ ತೇಲುವ ಹುಳುವಿನಂಥ ಕೃತಕ ಎರೆಯಲ್ಲಿ, ತಣ್ಣೀರಿನ ಟ್ರೌಟ್ ಮೀನು ಹಿಡಿಯಲೆಂದೇ ಹೊಸ ರಾಡ್ ಕೊಳ್ಳಬೇಕೆಂದಿರುವುದಾಗಿಯೂ ಬರೆದಿದ್ದೀಯ. ಅಂಗಡಿಯವರು ತೋರಿಸಿದ 9 ಅಡಿಯ, 5 ನಂಬರಿನ ಬಿರುಸು ರಾಡ್ ಕೆಟ್ಟದ್ದೇನಲ್ಲ. ಬಿಯಾಸ್‌ನಂಥ ಅಗಲವಾದ ನದಿಗಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ತೀರ್ಥನ್‌ಗೆ ಮಾತ್ರ ಎಂಟೂವರೆ ಅಡಿಯ, 4 ನಂಬರಿನ, ನಡುವಿನವರೆಗೂ ಬಾಗುವ ರಾಡೇ ಸರಿ.

ನಮ್ಮ ಹೇಮಾವತಿಯಲ್ಲಿ ಗಾಳ ಎಸೆದರೆ ಸೀಸದ ಗುಂಡಿನ ತೂಕವೇ ದಾರವನ್ನು ಎಳೆದೊಯ್ಯುತ್ತದೆ. ಗರಿ, ನೂಲು ಸುತ್ತಿದ ಫ್ಲೈಗೆ ಹೇಳಿಕೊಳ್ಳುವಂಥ ತೂಕವೇ ಇಲ್ಲ, ಅದನ್ನು ಲೈನೇ ಹೊತ್ತೊಯ್ಯಬೇಕು. ರಾಡಿನ ಮೇಲಿರುವ ನಂಬರು ಅದು ಹೊರಬೇಕಾದ ಲೈನಿನ ತೂಕದ್ದು: 4 ನಂಬರಿನ ಲೈನಿನ ಮೊದಲ 30 ಅಡಿ ಸುಮಾರು 7.8 ಗ್ರಾಂ ತೂಗಿದರೆ, 5ರದ್ದು ಸುಮಾರು 9.1 ಗ್ರಾಂ. ವ್ಯತ್ಯಾಸ ಅಲ್ಪವೆನಿಸಬಹುದು, ಆದರೆ ಮಳೆಗಾಲ ಕಳೆದು ತಿಳಿಯಾದ ಮೊಣಕಾಲುದ್ದದ ನೀರಿನಲ್ಲಿ ಲೈನ್ ಚಟ್ಟನೆ ಬಿದ್ದರೆ ಸಾಕು, ಟ್ರೌಟ್ ಬಂಡೆಯಡಿಗೆ ಸೇರಿಬಿಡುತ್ತದೆ.

ಬಿರುಸು ರಾಡ್ ತುದಿಯಲ್ಲಷ್ಟೇ ಬಾಗುತ್ತದೆ. ಸಾಕಷ್ಟು ಲೈನ್ ಹೊರಗಿದ್ದು ಅದರ ಭಾರ ಎಳೆದಾಗಲೇ ಅದಕ್ಕೆ ಕಸುವು ಬರುತ್ತದೆ. ಅಂಗಡಿಯ ಮುಂದಿನ ಬಯಲಿನಲ್ಲಿ ದೂರ ಎಸೆದು ಮೆರೆಯುವ ಆ ಗುಣದಿಂದ, ಬಂಡೆಗಳ ನಡುವೆ 20ರಿಂದ 40 ಅಡಿಯೊಳಗೆ ಫ್ಲೈ ಇಳಿಸಬೇಕಾದ ನಿನಗೆ ಹೆಚ್ಚು ಪ್ರಯೋಜನವಿಲ್ಲ. ಇನ್ನೊಂದು ಕಾರಣ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು. ಫ್ಲೈ ಕಟ್ಟುವ ಟಿಪ್ಪೆಟ್ಟು, ಅಂದರೆ ತುದಿಯ ತೆಳ್ಳನೆಯ ದಾರ, 6ಎಕ್ಸ್ ಅಳತೆಯದಾದರೆ ಅದರ ದಪ್ಪ ಸುಮಾರು 0.13 ಮಿಲಿಮೀಟರ್ ಮಾತ್ರ. ಮೀನು ಕಚ್ಚಿದ ಗಡಿಬಿಡಿಯಲ್ಲಿ ಕೈ ತುಸು ಜೋರಾಗಿ ಎಳೆದರೂ ಅದು ತುಂಡಾಗದಂತೆ ಕಾಯುವುದು ನಡುವಿನವರೆಗೂ ಮೆತ್ತಗೆ ಬಾಗುವ ರಾಡೇ.

ಬಿದಿರಿನ ರಾಡಿನ ಬಗ್ಗೆಯೂ ಕೇಳಿದ್ದೀಯ. ದಕ್ಷಿಣ ಚೀನಾದ ಟೋಂಕಿನ್ ಬಿದಿರನ್ನು ಸೀಳಿ, ಸಾಮಾನ್ಯವಾಗಿ ಆರು ಪಟ್ಟಿಗಳನ್ನು ಅಂಟಿಸಿ ಮಾಡುವ ಆ ರಾಡುಗಳು ನಿಧಾನವಾಗಿ ಬಾಗಿ ನೆಟ್ಟಗಾಗುವ ಗುಣ ನನಗೆ ಬಲು ಇಷ್ಟ. ಆದರೆ ಅವು ದುಬಾರಿ, ಭಾರವೂ ಹೆಚ್ಚು. ಈಗ ಗ್ರಾಫೈಟಿನ, ಅಂದರೆ ಕಾರ್ಬನ್ ಎಳೆಗಳ, ರಾಡನ್ನೇ ಕೊಂಡುಕೋ.

ಕೊಳ್ಳುವ ಮುಂಚೆ ಎಸೆದು ನೋಡಲೇಬೇಕು. ಕಾಫಿ ಕಣದ ಸಿಮೆಂಟಿನ ಮೇಲೆ ಬೇಡ, ಲೈನಿನ ಲೇಪ ತರಚಿಹೋಗುತ್ತದೆ. ಪಕ್ಕದ ಹುಲ್ಲಿನ ಮೇಲೆ 25 ಅಡಿ ದೂರದಲ್ಲಿ ಒಂದು ಮೊರ ಇಟ್ಟು, ಕೊಕ್ಕೆಯ ಬದಲು ಉಣ್ಣೆಯ ಚೂರು ಕಟ್ಟಿ ಎಸೆ. ತೋಳಿನ ಬಲ ಬಳಸದೆಯೇ ಲೈನ್ ಸುರುಳಿ ಬಿಚ್ಚಿಕೊಂಡು ಹೋಗಿ, ಉಣ್ಣೆ ಕೊನೆಯಲ್ಲಿ ಮೊರದೊಳಗೆ ಇಳಿದರೆ ಆ ರಾಡ್ ನಿನ್ನದು. ನಾಲ್ಕು ತುಂಡಾಗುವಂಥದ್ದಾದರೆ ಪ್ರಯಾಣಕ್ಕೆ ಅನುಕೂಲ. ರೀಲಿಗೆ ಹೆಚ್ಚು ಸುರಿಯಬೇಡ, ಆ ಹಣವನ್ನು ಒಳ್ಳೆಯ ತೇಲುವ ಲೈನಿಗೆ ಹಾಕು. ಮೀನುಗಾರಿಕೆ ಇಲಾಖೆಯ ಪರವಾನಗಿ ಕಡ್ಡಾಯ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲವಾದ್ದರಿಂದ ಟಿಕೆಟನ್ನು ಅಕ್ಟೋಬರಿನ ಮೊದಲ ಎರಡು ವಾರದೊಳಗಿನ ದಿನಕ್ಕೇ ಮಾಡಿಸು.

ಇಂತಿ,
ನಿನ್ನ ಗೆಳೆಯ